ಕೆಲಸ ಹೋದ ಗೆಳತಿಗೆ ಪಟ್ಟಿ ಬರೆಯಬೇಡಿ

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಉಳಿದಿದ್ದು ಆಮೇಲೆ.

ಕೆಲವು ವರ್ಷದ ಹಿಂದೆ ನಮ್ಮ ಗಾರ್ಮೆಂಟ್ಸ್‌ನಲ್ಲಿ ಒಂದು ಲೈನ್, ಅಂದರೆ ಸಾಲಾಗಿ ಕೂತು ಹೊಲಿಯುವ ಒಂದು ತಂಡ, ಮುಚ್ಚಿದರು. ನಲವತ್ತು ಚಿಲ್ಲರೆ ಹೆಣ್ಣುಮಕ್ಕಳು ಮನೆಗೆ ಹೋದರು. ಅವರಲ್ಲಿ ಓವರ್‌ಲಾಕ್ ಮಷಿನ್ನಿನ ಅಕ್ಕ ಒಬ್ಬರಿದ್ದರು. ಗಂಡ ಲಾರಿ ಕ್ಲೀನರ್, ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲೇ ಮಲಗಿದ್ದ. ನಾನು ಟೈಮ್ ಆಫೀಸಿನವಳು. ಹಾಜರಿ, ಪಿಎಫ್ ಅನ್ನೋ ಭವಿಷ್ಯ ನಿಧಿ, ಇಎಸ್‌ಐ ಅನ್ನೋ ಕಾರ್ಮಿಕರ ವಿಮೆ, ಬಸ್ಸಿನ ಲಿಸ್ಟು ಎಲ್ಲಾ ನನ್ನ ಟೇಬಲ್ಲಿನ ಮೇಲೇ. ಲೆಕ್ಕ ಇಡೋದು ಕೈಗೆ ಹತ್ತಿದ ಚಟ. ಒಂದು ಬಿಳಿ ಹಾಳೆಗೆ ಗೆರೆ ಎಳೆದೆ. ಹೆಸರು, ಮೊತ್ತ, ಸಹಿ. ಮೂರು ಕಾಲಂ. ಮೂರು ದಿನ ಲೈನಿಂದ ಲೈನಿಗೆ ಆ ಹಾಳೆ ಓಡಾಡಿತು. 51 ಕೊಟ್ಟವರು, 101 ಕೊಟ್ಟವರು, 20 ಕೊಟ್ಟು ಮುಖ ತಗ್ಗಿಸಿದವರು. ನಾನು 501 ಅಂತ ಬರೆದೆ, ಸ್ವಲ್ಪ ದೊಡ್ಡ ಅಕ್ಷರದಲ್ಲೇ. ದುಡ್ಡನ್ನೂ ಹಾಳೆಯನ್ನೂ ಒಂದೇ ಕವರಿಗೆ ಹಾಕಿದೆ. ಅಕ್ಕ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದ ದಿನ ಕ್ಯಾಂಟೀನಿನಲ್ಲಿ ಎಲ್ಲರ ಎದುರು ಕೊಟ್ಟೆ. ಯಾರೋ ಚಪ್ಪಾಳೆ ಬೇರೆ ಹೊಡೆದರು.

ಆ ದುಡ್ಡನ್ನು ಅವರು ಒಂದೂವರೆ ವರ್ಷ ತೀರಿಸಿದರು. ಶನಿವಾರ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಒಂದು ವಾರ ಒಬ್ಬರಿಗೆ 51, ಇನ್ನೊಂದು ವಾರ ಇನ್ನೊಬ್ಬರಿಗೆ 101. ನನ್ನ ಸರದಿ ಕೊನೆಗೆ ಬಂತು. ಐನೂರರ ನೋಟು, ಒಂದು ರೂಪಾಯಿ ನಾಣ್ಯ. ಕೈಯಲ್ಲಿ ಅದೇ ಹಾಳೆ. ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿತ್ತು, ಹಿಂದೆ ಟೇಪು ಅಂಟಿಸಿದ್ದರು. ನನ್ನ ಮೂರು ಕಾಲಮ್ಮಿನ ಪಕ್ಕ ಪೆನ್ನಿನಲ್ಲಿ ನಾಲ್ಕನೆಯದೊಂದು ಎಳೆದಿದ್ದರು. ಮೇಲೆ 'ವಾಪಸ್' ಅಂತ ಬರೆದಿತ್ತು.

"ಇಲ್ಲೊಂದು ಸಹಿ ಹಾಕ್ರಿ ಮೇಡಂ" ಅಂದರು.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯುವುದು ಗೊತ್ತಲ್ಲ? ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಒಬ್ಬ ಕೂತು ನೋಟ್‌ಬುಕ್ಕಿಗೆ ಇಳಿಸುತ್ತಾನೆ. ಅವರ ಮನೆ ಮದುವೆ ಬಂದಾಗ ಅಷ್ಟನ್ನೋ ಇನ್ನೂ ಸ್ವಲ್ಪ ಸೇರಿಸಿಯೋ ತಿರುಗಿಸಬೇಕು. ನಾನು ಆ ಅಕ್ಕನ ಕೈಗೆ ಕೊಟ್ಟಿದ್ದು ಮುಯ್ಯಿ ಬುಕ್ಕು. ಕೆಲಸ ಇಲ್ಲದವಳ ತಲೆ ಮೇಲೆ ನಲವತ್ತೆಂಟು ಸಾಲ ಹೊರಿಸಿದ್ದೆ. ಆಗಿನಿಂದ ಪಟ್ಟಿ ಬರೆಯುವುದು ಬಿಟ್ಟೆ. ಕೆಲಸ ಹೋದವರ ಜೊತೆ ಹೇಗಿರಬೇಕು ಅಂತ ನಿಧಾನಕ್ಕೆ, ಬೈಸಿಕೊಂಡು, ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ಯಾಕೆ ಅಂದರೆ, ಕಾಲ ಮತ್ತೆ ಹಾಗೇ ಬಂತು. 2025ರ ಆಗಸ್ಟ್ 27ರಿಂದ ಅಮೆರಿಕದವರು ನಮ್ಮ ದೇಶದ ಮಾಲಿಗೆ 50 ಪರ್ಸೆಂಟ್ ಸುಂಕ ಹಾಕಿದರು. ಅಲ್ಲಿ ಟೀ ಶರ್ಟಿನ ರೇಟು ಏರಿದರೆ ಇಲ್ಲಿ ದಾವಣಗೆರೆಯ ಕರೂರು ಕಡೆ ಬಸ್ಸು ಖಾಲಿ ಓಡುತ್ತದೆ. ಆರ್ಡರ್ ಹಿಡಿದಿಟ್ಟರು, ಓಟಿ (ಹೆಚ್ಚಿನ ಹೊತ್ತಿನ ಕೆಲಸ) ನಿಂತಿತು, ನಮ್ಮಲ್ಲಿ ಆರು ಲೈನ್ ಇದ್ದದ್ದು ನಾಲ್ಕಾಯಿತು. ಸುಂಕ ಏರಿತು ಇಳಿಯಿತು ಅಂತ ಟೀವಿಯವರು ಹೇಳುತ್ತಲೇ ಇರುತ್ತಾರೆ. ಮನೆಗೆ ಹೋದವರನ್ನು ಮತ್ತೆ ಕರೆಯುವುದು ಅಷ್ಟು ಬೇಗ ಆಗುವುದಿಲ್ಲ.

ದಾವಣಗೆರೆಗೆ ಇದು ಹೊಸದೇನಲ್ಲ ಬಿಡಿ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿದ್ದವರು. ಮಿಲ್ಲು ನಿಂತ ಮೇಲೆ ನಮ್ಮ ಮನೆಗೆ ಜನ ಬಂದರು, ಸತ್ತ ಮನೆಗೆ ಬಂದ ಹಾಗೆ. ಜಗಲಿ ಮೇಲೆ ಕೂತು 'ಹಿಂಗಾಗಬಾರದಿತ್ತು' ಅಂದು, ಟೀ ಕುಡಿದು ಹೋದರು. ಅಮ್ಮನಿಗೆ ಸಕ್ಕರೆ ಖರ್ಚೇ ದಂಡ. ಅಪ್ಪನ ಜೊತೆ ಸ್ಪಿನ್ನಿಂಗಿನಲ್ಲಿದ್ದ ಒಬ್ಬರು ಮಾತ್ರ ಕೂರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು "ಅಕ್ಕಾ, ರೇಷನ್ ಕಾರ್ಡ್ ಕೊಡ್ರಿ, ಹೆಂಗೂ ನಾನು ಹೊಂಟೀನಿ" ಅನ್ನುತ್ತಿದ್ದರು. ಎರಡು ಮನೆಯ ಸೀಮೆಎಣ್ಣೆ ಕ್ಯೂನಲ್ಲಿ ಒಬ್ಬರೇ ನಿಲ್ಲುತ್ತಿದ್ದರು. ಅವರ ಕೆಲಸವೂ ಹೋಗಿತ್ತು ಅನ್ನೋದು ನನಗೆ ಅರ್ಥ ಆಗಿದ್ದು ದೊಡ್ಡವಳಾದ ಮೇಲೆ.

ಬಾಯಿ

'ಎಲ್ಲಾ ಒಳ್ಳೇದಕ್ಕೇ' ಅನ್ನಬೇಡಿ. 'ನಿನಗೇನು, ಗಂಡ ದುಡೀತಾನೆ' ಅನ್ನಬೇಡಿ. 'ಮೊದಲೇ ಗೊತ್ತಿತ್ತು' ಅಂತೂ ಬೇಡವೇ ಬೇಡ. 'ಏನಾದ್ರೂ ಬೇಕಾದ್ರೆ ಕೇಳು' ಅನ್ನುವುದು ಕೂಡ ನನ್ನ ಲೆಕ್ಕದಲ್ಲಿ ದಂಡದ ಮಾತು. ಹೇಳಿದವರಿಗೆ ಸಮಾಧಾನ, ಅಷ್ಟೇ. ಬಾಯಿ ಬಿಟ್ಟು ಕೇಳುವ ಕಷ್ಟ ಅವಳ ಪಾಲಿಗೇ ಉಳಿಯಿತಲ್ಲ?

ದಿನ, ಹೊತ್ತು, ಕೆಲಸ, ಮೂರೂ ಸೇರಿಸಿ ಹೇಳಿ. "ಭಾನುವಾರ ಹತ್ತಕ್ಕೆ ಬರ್ತೀನಿ, ಪಿಎಫ್ ಫಾರಂ ನೋಡೋಣ, ಆಧಾರ್ ತೆಗೆದಿಟ್ಟಿರು." ಅವಳು ಬೇಡ ಅಂದರೆ ಬೇಡ. ಬಾ ಅಂದರೆ ಹೋಗಲೇಬೇಕು. ಬರುತ್ತೇನೆ ಅಂದು ಹೋಗದೆ ಇರುವುದಕ್ಕಿಂತ ಸುಮ್ನೆ ಇರೋದು ಎಷ್ಟೋ ಮೇಲು.

'ಕೆಲಸ ಸಿಕ್ತಾ?' ಅಂತ ಕಂಡಾಗಲೆಲ್ಲ ಕೇಳುವವರಿದ್ದಾರೆ. ಸಿಕ್ಕರೆ ಅವಳೇ ಹೇಳುತ್ತಾಳೆ, ಮೊದಲನೇ ಫೋನೇ ನಿಮಗೆ ಬರಬಹುದು. ಅಲ್ಲಿಯವರೆಗೆ ಮಗಳ ಪರೀಕ್ಷೆ ಕೇಳಿ, ಸೀರಿಯಲ್ಲಿನ ಕಥೆ ಕೇಳಿ. ಇನ್ನೊಂದು ವಿಷಯ, ವಾಟ್ಸಾಪ್ ಗ್ರೂಪು. ಲೈನ್ ಮುಚ್ಚಿದ ಸಂಜೆಯೇ ಸೂಪರ್‌ವೈಸರ್ ಒಬ್ಬ ಹದಿನೆಂಟು ಜನರನ್ನು ಗ್ರೂಪಿನಿಂದ ತೆಗೆದ. ಆಫೀಸಿನ ಗ್ರೂಪು, ತೆಗೆಯಲೇಬೇಕು, ಒಪ್ಪಿದೆ. ಆದರೆ ಅದೇ ರಾತ್ರಿ ತೆಗೆಯಬೇಕಾ? ಅದಕ್ಕೇ ನಮ್ಮದೇ ಇನ್ನೊಂದು ಗ್ರೂಪು ಮಾಡಿದೆವು. ಕೆಲಸ ಇರುವವರು, ಇಲ್ಲದವರು ಎಲ್ಲಾ ಇದ್ದಾರೆ. ಜಾಸ್ತಿ ಬರುವುದು ಗುಡ್ ಮಾರ್ನಿಂಗ್ ಹೂವಿನ ಫೋಟೋಗಳೇ. ಇರಲಿ.

ಗುರುವಾರದ ಲಿಸ್ಟು

ಟೈಮ್ ಆಫೀಸಿನಲ್ಲಿರುವವರಿಗೆ, ಸೂಪರ್‌ವೈಸರುಗಳಿಗೆ ಇದು. ಯಾರ ಹೆಸರು ಹೋಗುತ್ತದೆ ಅನ್ನುವುದು ನಮಗೆ ಎರಡು ದಿನ ಮೊದಲೇ ಗೊತ್ತಿರುತ್ತದೆ. ಈ ಸಲ ಲಿಸ್ಟು ಗುರುವಾರ ನನ್ನ ಕಂಪ್ಯೂಟರಿಗೆ ಬಂತು, ಶನಿವಾರ ಹೇಳಬೇಕು. ಶುಕ್ರವಾರ ಮಧ್ಯಾಹ್ನ ಚೆಕ್ಕಿಂಗ್ ಟೇಬಲ್ಲಿನ ಹುಡುಗಿ ಬಂದು ಖುಷಿಯಿಂದ ಫೋನ್ ತೋರಿಸಿದಳು. ಕಂತಿನ ಮೇಲೆ ಫ್ರಿಜ್ಜು. "ಕೆಂಪೋ ನೀಲಿನೋ ಅಕ್ಕಾ?" ಅಂದಳು. ಲಿಸ್ಟಿನಲ್ಲಿ ಹನ್ನೊಂದನೇ ಹೆಸರು ಅವಳದು. ನಾನು ಕೆಂಪು ಅಂದೆ.

ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಲಿಸ್ಟು ಹೇಳುವ ಹಾಗಿರಲಿಲ್ಲ, ಹೇಳಿದ್ದರೆ ನನ್ನ ಕೆಲಸಕ್ಕೂ ಕುತ್ತು. ಆದರೆ "ಈಗ ಆರ್ಡರ್ ಸರಿಯಿಲ್ಲ, ದೊಡ್ಡ ಖರ್ಚು ಎರಡು ತಿಂಗಳು ಬೇಡ ಕಣವ್ವ" ಅಂತ ಹೇಳಬಹುದಿತ್ತು. ಅದರಲ್ಲಿ ಗುಟ್ಟೇನೂ ಇಲ್ಲ. ಖಾಲಿ ಕಟಿಂಗ್ ಟೇಬಲ್ ಎಲ್ಲರಿಗೂ ಕಾಣುತ್ತಲೇ ಇತ್ತು. ನಿಮಗೆ ಇಂಥ ಶುಕ್ರವಾರ ಬಂದರೆ ಅಷ್ಟಾದರೂ ಹೇಳಿ. ಒಬ್ಬಳಿಗೇ ಹೇಳಿದರೆ ಅನುಮಾನ ಬರುತ್ತದೆ. ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿ.

ಕಾಗದ

ನನ್ನನ್ನು ಕೇಳಿದರೆ ಕೆಲಸ ಹೋದವರಿಗೆ ಮಾಡಬಹುದಾದ ದೊಡ್ಡ ಉಪಕಾರ ಇದೇ. ಯಾಕೆ ಅಂದರೆ ಇದು ಅವಳದೇ ದುಡ್ಡು. ನೀವು ಕೊಡುತ್ತಿಲ್ಲ, ತೆಗೆಸಿಕೊಡುತ್ತಿದ್ದೀರಿ ಅಷ್ಟೇ. ವಾಪಸ್ ಕಾಲಂ ಎಳೆಯುವ ಹಾಗೇ ಇಲ್ಲ.

ಮೊದಲನೆಯದು, ಸಹಿ. 'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಅನ್ನುವ ಕಾಗದಕ್ಕೆ ಗಡಿಬಿಡಿಯಲ್ಲಿ ಸಹಿ ಮಾಡಿಸಿಕೊಳ್ಳುವವರಿದ್ದಾರೆ. ಒಂದು ವರ್ಷ ತುಂಬ ದುಡಿದವರನ್ನು ಕಂಪನಿಯೇ ತೆಗೆದರೆ ಕಡಿಮೆ ಅಂದರೂ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ತಾನಾಗಿ ಬಿಟ್ಟೆ ಅಂತ ಬರೆದುಕೊಟ್ಟರೆ ಆ ಪರಿಹಾರ ಹೋಯಿತು. ಆದ್ದರಿಂದ ಗೆಳತಿಗೆ ಒಂದೇ ಮಾತು ಹೇಳಿ: "ಓದಿ, ಫೋಟೋ ತೆಗೆದು ನನಗೆ ಕಳಿಸು, ನಾಳೆ ಸಹಿ ಮಾಡ್ತೀನಿ ಅನ್ನು." ಒಂದು ರಾತ್ರಿ ಸಿಕ್ಕರೆ ತಲೆ ತಿಳಿಯಾಗುತ್ತದೆ.

ತೆಗೆಯುವುದು ಬೇರೆ, ಲೇ-ಆಫ್ ಬೇರೆ. ಲೇ-ಆಫ್ ಅಂದರೆ ಹೆಸರು ಪುಸ್ತಕದಲ್ಲೇ ಇರುತ್ತದೆ, ಕೆಲಸ ಇರುವುದಿಲ್ಲ. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಫ್ಯಾಕ್ಟರಿಯಲ್ಲಿ ವರ್ಷ ತುಂಬಿದವರಿಗೆ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ ಅದರ ಅರ್ಧ ಕೊಡಬೇಕು. ಆದರೆ ದಿನಕ್ಕೊಮ್ಮೆ ಗೇಟಿಗೆ ಬಂದು ಹಾಜರಿ ಹಾಕಬೇಕು. ಹೊನ್ನಾಳಿ ಕಡೆಯ ಹಳ್ಳಿಯ ಒಬ್ಬಳು 'ಕೆಲಸ ಇಲ್ಲದ ಮೇಲೆ ಯಾಕೆ ಬರಲಿ' ಅಂತ ಮನೆಯಲ್ಲೇ ಉಳಿದು ಹನ್ನೆರಡು ದಿನದ ಅರ್ಧ ಸಂಬಳ ಕಳೆದುಕೊಂಡಳು. ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ, ಬಂದು ಹಾಜರಿ ಹಾಕಬಹುದಿತ್ತು. ಹೇಳುವವರು ಇರಲಿಲ್ಲ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಐದು ವರ್ಷ ತುಂಬಿದವರಿಗೆ. ಲೆಕ್ಕ ಹೀಗೆ: ಕೊನೆಯ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷದಿಂದ ಗುಣಿಸಿ. 13,000 ಇದ್ದು ಎಂಟು ವರ್ಷ ದುಡಿದಿದ್ದರೆ 60,000. ಕೊನೆಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಉಳಿದಿದ್ದರೆ ಅದನ್ನೂ ಒಂದು ವರ್ಷ ಅಂತ ಹಿಡಿಯಬೇಕು. ಮೂವತ್ತು ದಿನದೊಳಗೆ ಕೊಡಬೇಕು. ಕಂಪನಿಯೇ ತೆಗೆದಿದ್ದರೆ ಬಾಕಿ ಸಂಬಳ ಎರಡು ಕೆಲಸದ ದಿನದಲ್ಲಿ ಕೈಗೆ ಬರಬೇಕು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಯಲ್ಲಿಡಿ. ಕೈಯಲ್ಲಿ ಅಂಕಿ ಇದ್ದವಳ ಜೊತೆ ಆಫೀಸಿನವರು ಮಾತಾಡುವ ದನಿಯೇ ಬೇರೆ. ನಾನೂ ಆ ಆಫೀಸಿನವಳೇ, ನನಗೆ ಗೊತ್ತು. ಕೊಡಲಿಲ್ಲ ಅಂದರೆ ಕಾರ್ಮಿಕ ಇಲಾಖೆ ಇದೆ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಪಿಎಫ್ ವಿಷಯದಲ್ಲಿ ಗೋಳು ಜಾಸ್ತಿ. ಆಧಾರಿನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು. ಮದುವೆಗೆ ಮುಂಚಿನ ಹೆಸರು, ಗಂಡನ ಹೆಸರು ಅಂಟಿಸಿಕೊಂಡ ಹೆಸರು, ಕೊನೆಗೆ ಒಂದು 'ಮ್ಮ' ಜಾಸ್ತಿ. ಬ್ಯಾಂಕ್ ಖಾತೆ ಜೋಡಿಸಿರುವುದಿಲ್ಲ. ಫೋನ್ ನಂಬರ್ ಮೈದುನನದು, ಅವನು ಬೆಂಗಳೂರಿನಲ್ಲಿ, ಒಟಿಪಿ ಅವನಿಗೆ ಹೋಗುತ್ತದೆ. ಇದನ್ನೆಲ್ಲ ಕೆಲಸ ಇರುವಾಗಲೇ ಸರಿ ಮಾಡಿಸಿಕೊಂಡರೆ ಸುಲಭ. ಹೋದ ಮೇಲೆ ಆಫೀಸಿಗೆ ಅಲೆಯಬೇಕು. ಅದಕ್ಕೇ ಇನ್ನೂ ಕೆಲಸದಲ್ಲಿರುವವರಿಗೂ ನಾನು ಈಗ ಬೆನ್ನು ಬಿದ್ದು ಮಾಡಿಸುತ್ತಿದ್ದೇನೆ. ಎಷ್ಟಿದೆ ಅಂತ ನೋಡಲು ಜೋಡಿಸಿದ ಫೋನಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಮೆಸೇಜ್ ಬರುತ್ತದೆ. ಕೆಲಸ ಬಿಟ್ಟ ತಾರೀಕನ್ನು ಕಂಪನಿ ಹಾಕದಿದ್ದರೆ ಕೊನೇ ಕಂತಾಗಿ ಎರಡು ತಿಂಗಳ ಮೇಲೆ ಅವಳೇ ಆಧಾರ್ ಒಟಿಪಿಯಿಂದ ಹಾಕಿಕೊಳ್ಳಬಹುದು.

ಇಲ್ಲಿ ಒಂದು ಕಡೆ ಮಾತ್ರ ನಾನು ಅಡ್ಡ ನಿಲ್ಲುತ್ತೇನೆ. ಪಿಂಚಣಿ ಭಾಗ. ಹತ್ತು ವರ್ಷದ ಸೇವೆ ಆದರೆ 58 ಆದ ಮೇಲೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಎಂಟು, ಒಂಬತ್ತು ವರ್ಷ ಆದವರು ಒಂದಿಷ್ಟು ಸಾವಿರದ ಆಸೆಗೆ ಅದನ್ನೂ ಬಾಚಿಕೊಂಡು ಬಿಡುತ್ತಾರೆ. ತೆಗೆಯದೆ, ದುಡಿದ ವರ್ಷ ಲೆಕ್ಕದಲ್ಲಿಡುವ ಸ್ಕೀಮ್ ಸರ್ಟಿಫಿಕೇಟ್ ತಗೊಂಡರೆ ಮುಂದಿನ ಕೆಲಸದ ವರ್ಷ ಅದಕ್ಕೇ ಸೇರುತ್ತದೆ. ಕಾಜಾ ಮಷಿನ್ನಿನ ಒಬ್ಬರಿಗೆ ಎಂಟು ವರ್ಷ ಏಳು ತಿಂಗಳಾಗಿತ್ತು. ಅರ್ಧ ಗಂಟೆ ವಾದ ಮಾಡಿದೆ. "ಐವತ್ತೆಂಟಕ್ಕೆ ಇರ್ತೀನೋ ಇಲ್ಲೋ" ಅಂದರು. "ನಿಮ್ಮವ್ವಗೆ ಎಷ್ಟು ವರ್ಷ ಈಗ?" ಅಂತ ಕೇಳಿದೆ. ಎಂಬತ್ತೊಂದು. ಅವರಿಗೇ ನಗು ಬಂತು. ತೆಗೆಯಲಿಲ್ಲ.

ಇಎಸ್‌ಐ ಕಾರ್ಡನ್ನು ಕೆಲಸ ಹೋದ ದಿನವೇ ಟ್ರಂಕಿಗೆ ಹಾಕುತ್ತಾರೆ. ಅದು ಅವತ್ತೇ ಸಾಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕಂತಿಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್. ಆ ಆರು ತಿಂಗಳಲ್ಲಿ 78 ದಿನದ ಕಂತು ಬಿದ್ದಿರಬೇಕು. ಆಗಸ್ಟ್ ಕೊನೆಗೆ ಮನೆಗೆ ಹೋದವಳು ಏಪ್ರಿಲ್‌ನಿಂದ ಸರಿಯಾಗಿ ಬಂದಿದ್ದರೆ ಮುಂದಿನ ಜೂನ್‌ವರೆಗೂ ನಿಟುವಳ್ಳಿ ಆಸ್ಪತ್ರೆಗೆ ಹೋಗಬಹುದು. ಓವರ್‌ಲಾಕ್ ಅಕ್ಕನಿಗೆ ಅವತ್ತು ನಾನು ಇದನ್ನು ಹೇಳಿದ್ದರೆ ಗಂಡನ ಔಷಧಿ ಖರ್ಚೇ ಆ ಕವರಿಗಿಂತ ಜಾಸ್ತಿ ಉಳಿಯುತ್ತಿತ್ತು. ಗೊತ್ತಿದ್ದವಳು ನಾನೇ. ಹೇಳದೆ ಪಟ್ಟಿ ಹಿಡಿದು ಓಡಾಡಿದೆ. ಕೆಲಸ ಹೋದವರಿಗೆ ತೊಂಬತ್ತು ದಿನದವರೆಗೆ ಸರಾಸರಿ ಕೂಲಿಯ ಅರ್ಧ ಕೊಡುವ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಅಂತಲೂ ಇಎಸ್‌ಐನಲ್ಲಿದೆ. ಅದನ್ನು ಆಗಾಗ ಮುಂದುವರಿಸುತ್ತಾ ಬಂದಿದ್ದಾರೆ, ಆದ್ದರಿಂದ ಈಗಿನ ಸ್ಥಿತಿ ಏನು ಅಂತ ಇಎಸ್‌ಐ ಶಾಖೆಯಲ್ಲಿ ಮೊದಲು ಕೇಳಿಕೊಂಡು ಅವಳನ್ನು ಕರೆದುಕೊಂಡು ಹೋಗಿ.

ವಾರದ ಕಂತು

ಕಷ್ಟ ಇರುವುದು ಇಲ್ಲಿ. ನಮ್ಮಲ್ಲಿ ಮೈಕ್ರೋ ಫೈನಾನ್ಸ್ ಸಾಲ ಇಲ್ಲದ ಮನೆ ಕಡಿಮೆ. ಒಂದೇ ಲೈನಿನ ಐದಾರು ಜನ ಸೇರಿ ಗುಂಪು ಮಾಡಿರುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಕೆಲಸ ಹೋದ ಎರಡನೇ ವಾರಕ್ಕೆ ನಿನ್ನೆಯ ಗೆಳತಿಯರೇ ಬಾಗಿಲಲ್ಲಿ ನಿಂತಿರುತ್ತಾರೆ. ಕೆಟ್ಟವರು ಅಂತಲ್ಲ. ಅವರ ಓಟಿ ನಿಂತಿರುತ್ತದೆ, ಅವರ ಕೈಯೂ ಖಾಲಿ.

ಒಂದು ಗುಂಪಿನವರು ಮಾಡಿದ್ದು ಹೇಳುತ್ತೇನೆ. ಕೆಲಸ ಹೋದವಳನ್ನು ಬಿಟ್ಟು ನಾಲ್ವರು ಮೊದಲು ಕೂತರು. ಎಷ್ಟು ವಾರ ಅವಳ ಕಂತು ಹೊರಬಹುದು ಅಂತ ಲೆಕ್ಕ ಹಾಕಿದರು. ನಾಲ್ಕು ವಾರ ಅಂತಾಯಿತು. ಆಮೇಲೆ ಅವಳನ್ನು ಕರೆದು ನೇರವಾಗಿ ಹೇಳಿದರು: "ನಾಲ್ಕು ವಾರ ನಮ್ಮದು. ಐದನೇ ವಾರ ನಮ್ಮ ಕೈಲಿ ಆಗಲ್ಲ. ಅಷ್ಟರೊಳಗೆ ನಿನ್ನ ಲೆಕ್ಕದ ದುಡ್ಡು ಬರುತ್ತೆ, ಮೊದಲು ಇದಕ್ಕೆ ಇಡು." ಒರಟು ಮಾತು ಅನ್ನಿಸಬಹುದು. ಆದರೆ ಅವಳು ನಾಲ್ಕು ವಾರ ನಿದ್ದೆ ಮಾಡಿದಳು. 'ಇರಲಿ ಬಿಡೇ, ನೋಡೋಣ' ಅಂದವರ ಗುಂಪು ಮೂರನೇ ವಾರಕ್ಕೆ ಕೂದಲು ಹಿಡಿದುಕೊಂಡಿತು. ನಾನೇ ಬಿಡಿಸಿದ್ದು.

ಜೊತೆಗೆ ನಿಯಮ ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2022ರ ಮೈಕ್ರೋ ಫೈನಾನ್ಸ್ ನಿಯಮದ ಪ್ರಕಾರ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಸಾಲಕ್ಕಾಗಿ ಫೋನ್ ಮಾಡುವ ಹಾಗಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಗೆ ಕಿರುಕುಳ ಕೊಡುವುದು ಯಾವುದೂ ಕೂಡದು. ಲೈಸೆನ್ಸ್ ಇಲ್ಲದ ಮೀಟರ್ ಬಡ್ಡಿಯವರ ಕಾಟಕ್ಕೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಹತ್ತು ವರ್ಷದವರೆಗೆ ಜೈಲು. ವಸೂಲಿಗೆ ಬರುವ ದಿನ ಅವಳ ಮನೆಯಲ್ಲಿ ನೀವೂ ಸುಮ್ನೆ ಕೂತಿರಿ, ಏನೂ ಮಾತಾಡಬೇಕಿಲ್ಲ. ಇನ್ನೊಂದು ತಲೆ ಕಂಡರೆ ಬಂದವನ ದನಿ ತಾನಾಗಿ ತಗ್ಗುತ್ತದೆ.

ನೀವು ಕೈಯಿಂದ ದುಡ್ಡು ಕೊಡುವುದಾದರೆ ಒಬ್ಬರೇ ಕೊಡಿ, ಒಬ್ಬರಿಗೇ ಕೊಡಿ, ಮೂರನೆಯವರಿಗೆ ಹೇಳಬೇಡಿ. ಮತ್ತೆ ಬರದಿದ್ದರೂ ನಡೆಯುತ್ತದೆ ಅನ್ನುವಷ್ಟೇ ಕೊಡಿ. ನಾನು ಕಂಡ ಹಾಗೆ ಉದ್ರಿ ಅಂಗಡಿಯ ದಾರಿ ಚೆನ್ನ. ಅವಳು ಸಾಮಾನು ತರುವ ಅಂಗಡಿಗೆ ಹೋಗಿ, ಅವಳ ಖಾತೆಗೆ ಒಂದಿಷ್ಟು ಕಟ್ಟಿ, 'ಯಾರು ಅಂತ ಹೇಳಬೇಡಿ' ಅನ್ನಿ. ಅಂಗಡಿಯವನು ಹೇಳೇ ಹೇಳುತ್ತಾನೆ, ನಮ್ಮೂರ ಅಂಗಡಿಯವರಿಗೆ ಬಾಯಲ್ಲಿ ಏನೂ ನಿಲ್ಲಲ್ಲ. ಆದರೂ ಮುಖಾಮುಖಿ ಕೊಟ್ಟಿಲ್ಲವಲ್ಲ, ಅವಳು ಗೊತ್ತಿಲ್ಲದ ಹಾಗೆ ಇರಬಹುದು. ನೀವೂ ಹಾಗೇ ಇರಿ.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ನೆಂಟರು, ಹೊಸ ಸೀರೆ, ಅಡುಗೆ. ಕೆಲಸ ಇಲ್ಲದಿದ್ದರೂ ಯಾರೂ ನಿಲ್ಲಿಸುವುದಿಲ್ಲ, ಸಾಲ ಮಾಡುತ್ತಾರೆ. ಬುದ್ಧಿ ಹೇಳಲು ಹೋಗಬೇಡಿ, ನಿಮ್ಮ ಮಾತು ಯಾರೂ ಕೇಳಲ್ಲ. 'ಈ ಸಲ ಎರಡು ಮನೆ ಅಡುಗೆ ಒಂದೇ ಕಡೆ ಮಾಡೋಣ' ಅನ್ನಿ. ಮನೆಯಲ್ಲಿ ಸೀಮಂತ, ಗೃಹಪ್ರವೇಶ ಇದ್ದರೆ ಅವಳನ್ನು ಕರೆಯದೆ ಇರಬೇಡಿ. ಪಾಪ, ಮುಯ್ಯಿಗೆ ದುಡ್ಡಿಲ್ಲ ಅಂತ ಬಿಡುವುದು ದೊಡ್ಡ ಅವಮಾನ. "ಹಿಂದಿನ ದಿನವೇ ಬಾ, ರೊಟ್ಟಿಗೆ ಕೈ ಬೇಕು" ಅನ್ನಿ. ರೊಟ್ಟಿ ಬಡಿದವಳಿಂದ ಮುಯ್ಯಿ ಯಾರೂ ಕೇಳಲ್ಲ.

ಉಳಿದವರನ್ನೂ ಮರೆಯಬಾರದು. ಲಿಸ್ಟಿನಲ್ಲಿ ಇಲ್ಲದವರು ಅದೃಷ್ಟವಂತರು ಅಂತ ಎಲ್ಲರೂ ಅನ್ನುತ್ತಾರೆ. ಅವರ ಟಾರ್ಗೆಟ್ ಗಂಟೆಗೆ ಹತ್ತು ಪೀಸ್ ಏರಿರುತ್ತದೆ, ಬಾತ್‌ರೂಮಿಗೆ ಎದ್ದರೂ ಸೂಪರ್‌ವೈಸರ್ ಕಣ್ಣು. ಪಕ್ಕದ ಮಷಿನ್ನು ಖಾಲಿ, ಅದರ ಮೇಲೆ ಹೋದವಳ ಕತ್ತರಿ ಇನ್ನೂ ಇದೆ. ಇವರು ತಪ್ಪು ಹೊಲಿದರೆ ಎರಡು ದಿನ ಬೈಗುಳ ಕಡಿಮೆ ಮಾಡಿ, ಸಾಕು.

ಕೆಲವೊಮ್ಮೆ ಮಾತು ಬೇರೆ ಕಡೆ ಹೋಗುತ್ತದೆ. 'ನಾನಿದ್ದು ಏನು ಮಾಡ್ಲಿ' ಅಂತ ಒಬ್ಬಳು ರಾತ್ರಿ ಫೋನಿನಲ್ಲಿ ಅಂದಳು. ಹಂಗೆಲ್ಲ ಅನ್ನಬಾರದು ಅಂತ ಬಾಯಿ ಮುಚ್ಚಿಸಬೇಡಿ. ನಾನು ನೇರವಾಗಿ ಕೇಳಿದೆ, "ಸಾಯೋ ಯೋಚನೆ ಬರ್ತಾ ಇದೆಯಾ?" ಅಂತ. ಹೂಂ ಅಂದಳು. ಗಂಡನ ಕೈಗೆ ಫೋನ್ ಕೊಡಿಸಿದೆ, ಒಬ್ಬಳನ್ನೇ ಬಿಡಬೇಡಿ ಅಂದೆ, ಆಟೋ ಹಿಡಿದು ಹೋದೆ. 14416 ಟೆಲಿ ಮಾನಸ್, ಪುಕ್ಕಟೆ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಂದಲೇ ಕರೆ ಮಾಡಿಸಿದೆ. ಮಾರನೇ ದಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಹತ್ತಿರ ಜೊತೆಗೆ ಹೋದೆ. ಇದನ್ನು ಗ್ರೂಪಿನಲ್ಲಿ ಹಾಕಲಿಲ್ಲ, ಯಾರಿಗೂ ಹೇಳಲಿಲ್ಲ. ಇಲ್ಲಿ ಬರೆಯಲು ಅವಳನ್ನು ಕೇಳಿಯೇ ಬರೆದಿದ್ದೇನೆ.

ಕಾಲರ್ ಮಾತ್ರ ಗೊತ್ತು

'ಟೈಲರಿಂಗ್ ಗೊತ್ತಲ್ಲ, ಮನೇಲೇ ಬ್ಲೌಸ್ ಹೊಲಿ' ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಗಾರ್ಮೆಂಟ್ಸ್ ಒಳಗೆ ಹೋಗದವರ ಮಾತು ಇದು. ನಮ್ಮಲ್ಲಿ ಒಬ್ಬಳು ಒಂಬತ್ತು ವರ್ಷ ಕಾಲರ್ ಮಾತ್ರ ಕೂರಿಸಿದ್ದಾಳೆ. ಕಣ್ಣು ಮುಚ್ಚಿಕೊಂಡು ಗಂಟೆಗೆ ಅರವತ್ತು ಕೂರಿಸುತ್ತಾಳೆ. ಅಳತೆ ತೆಗೆಯಲು, ಬಟ್ಟೆ ಕತ್ತರಿಸಲು ಬರುವುದಿಲ್ಲ. ಬ್ಲೌಸಿಗೆ ಕಾಲರೇ ಇರುವುದಿಲ್ಲವಲ್ಲ. 'ಟೈಲರ್ ಆಗಿ ಬ್ಲೌಸ್ ಬರಲ್ವಾ?' ಅಂತ ಅತ್ತೆಯೇ ನಕ್ಕರಂತೆ.

ಅವಳಿಗೆ ಸಲಹೆ ಬೇಕಿರಲಿಲ್ಲ, ಮೂರು ವಾರ ಬೇಕಿತ್ತು. ನಮ್ಮ ಓಣಿಯಲ್ಲಿ ಬ್ಲೌಸ್ ಹೊಲಿಯುವ ಚಿಕ್ಕಮ್ಮ ಒಬ್ಬರಿದ್ದಾರೆ. ಕಣ್ಣು ಮಂದ, ಹೆಮ್ಮಿಂಗು ಮಾಡಲು ಆಗುತ್ತಿರಲಿಲ್ಲ. ಇವಳು ಹೆಮ್ಮಿಂಗು, ಹುಕ್ಕು, ಸೀರೆಗೆ ಫಾಲ್, ಜಿಗ್‌ಜಾಗ್ ಮಾಡಿಕೊಡುವುದು, ಅವರು ಕಟಿಂಗ್ ಕಲಿಸುವುದು ಅಂತ ಮಾತಾಯಿತು. ಯಾರೂ ಯಾರಿಗೂ ಉಪಕಾರ ಮಾಡಲಿಲ್ಲ. ಪೇಪರ್ ಕಟಿಂಗಿಗೆ ನಾನು ಆಫೀಸಿನ ಹಳೇ ಹಾಜರಿ ಪ್ರಿಂಟುಗಳನ್ನು ಕೊಟ್ಟೆ. ಅವಳದೇ ಹೆಸರಿದ್ದ ಹಾಳೆಯಲ್ಲಿ ತೋಳು ಕತ್ತರಿಸಿದಳು.

ಬೇರೆ ಕಡೆ ಕೆಲಸ ಇದೆ ಅಂತ ಹೇಳುವ ಮುಂಚೆ ನೀವೇ ಒಂದು ಫೋನ್ ಮಾಡಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಗೋಡೌನಿಗೆ ಆಳು ಬೇಕು, ಸುಗ್ಗಿ ಮುಗಿದರೆ ಬೇಡ. ಮಂಡಕ್ಕಿ ಭಟ್ಟಿಯ ಹೊಗೆ, ಕಾವು ಎಲ್ಲರಿಗೂ ಆಗುವುದಿಲ್ಲ. ಅಲ್ಲಿ ಇಲ್ಲಿ ಕೇಳಿದ್ದನ್ನು ಹೇಳಿ ಇಬ್ಬರನ್ನು ಹರಿಹರದವರೆಗೆ ಓಡಿಸಿದ ಪುಣ್ಯಾತ್ಮರಿದ್ದಾರೆ. ಗೇಟಿನಲ್ಲಿ ಬೀಗ.

ಕೆಲಸ ಹೋದವರು ಏನಾದರೂ ಮಾಡಿ ಮಾರಲು ಶುರು ಮಾಡಿದರೆ ಪೂರ್ತಿ ರೇಟು ಕೊಡಿ. ಗೆಳತಿ ಅಂತ ಕಡಿಮೆ ಮಾಡಿಸಬೇಡಿ, ಪಾಪ ಅಂತ ಜಾಸ್ತಿಯೂ ಕೊಡಬೇಡಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನಿ. ಕಾಲರ್ ಹುಡುಗಿಯ ಮೊದಲನೇ ಗಿರಾಕಿ ನಾನೇ. ಬ್ಲೌಸ್ ಬಂತು, ಕೊರಳು ಅಚ್ಚುಕಟ್ಟು, ತೋಳು ಬಿಗಿ, ಕೈ ಎತ್ತಿದರೆ ಹೊಲಿಗೆ ಕರಕರ ಅನ್ನುತ್ತದೆ. ಮರುದಿನವೇ ತಗೊಂಡು ಹೋಗಿ ತೋರಿಸಿದೆ. ಮುಖ ಸಣ್ಣಗಾಯಿತು. "ಬಿಚ್ಚಿ ಹೊಲಿದು ಕೊಡ್ತೀನಿ ಅಕ್ಕಾ, ಇದಕ್ಕೆ ದುಡ್ಡು ಬೇಡ" ಅಂದಳು.

"ಬೇಡ ಅಂದ್ರೆ ಬೇಡ" ಅಂದೆ. "ತಪ್ಪು ನಿಂದು. ಶುಕ್ರವಾರಕ್ಕೆ ಬೇಕು, ಮದುವೆ ಇದೆ."

ಗುರುವಾರ ಸಂಜೆಯೇ ಫೋನ್ ಬಂತು. ಆ ಮದುವೆಯ ಇನ್ನೂ ನಾಲ್ಕು ಬ್ಲೌಸು ಇದ್ದರೆ ಕೊಡಿಸಿ ಅಂದಳು.